ಮೋಶೆಗೆ ಇಬ್ಬರು ತಾಯಂದಿರು

ವಿಮೋಚನಕಾಂಡ 2ನೇ ಅಧ್ಯಾಯ ತೆಗೆಯಿರಿ. 10ನೇ ವಚನದಲ್ಲಿ ಮೋಶೆ ಫರೋಹನ ಮಗಳಿಗೆ ಮಗನಾದನು. 11ನೇ ವಚನದಲ್ಲಿ ದೊಡ್ಡವನಾಗಿ ತನ್ನ ಸ್ವಜನರನ್ನು ನೋಡಲು ಹೋದನು. ಇದು ಸಾಕಿದವರಿಗೆ ಮಾಡಿದ ದ್ರೋಹವಾ? ಅಲ್ಲ.

ನಮ್ಮ ಕರ್ನಾಟಕದಿಂದಲೂ ಮಕ್ಕಳು ದತ್ತು ಹೋಗಿ ಹೊರದೇಶಗಳಲ್ಲಿ ಬೆಳೆದಿದ್ದಾರೆ. ಕೆಲವರು ದೊಡ್ಡವರಾದ ಮೇಲೆ ಹೆತ್ತಮ್ಮನನ್ನು ಹುಡುಕಿಕೊಂಡು ಬರ್ತಾರೆ. ಅವರನ್ನು "ಉಪಕಾರ ಮರೆತವರು" ಅನ್ನಬೇಡಿ.

ಮಗು ಕೊಟ್ಟ ತಾಯಿ ಈ ಸಭೆಯಲ್ಲೇ ಕೂತಿರಬಹುದು. ಅಮ್ಮಾ, ಯೋಕೆಬೆದಳು ಬುಟ್ಟಿಯನ್ನು ನದಿಯಲ್ಲಿ ಇಟ್ಟದ್ದು ಪ್ರೀತಿ ಇಲ್ಲದೆ ಅಲ್ಲ, ಮಗು ಬದುಕಲಿ ಅಂತ.

ಇನ್ನೊಂದು ಮಾತು. ಬಡತನ ನೋಡಿ ಯಾರ ಮಗುವನ್ನೂ ಕೈಯಿಂದ ಕೈಗೆ ದಾಟಿಸಬೇಡಿ. ವಿದೇಶಿ ದತ್ತುವಿಗೆ ಸುಪ್ರೀಂ ಕೋರ್ಟ್ 1984ರಲ್ಲೇ, ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ, ನಿಯಮ ಹಾಕಿತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಾಕಲಾಗದವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು. ಮಗುವನ್ನು ಒಪ್ಪಿಸಿದ ಮೇಲೂ ಮತ್ತೆ ಯೋಚಿಸಲು 2 ತಿಂಗಳು ಸಮಯ ಇದೆ.

ಜಡಿಗೇನಹಳ್ಳಿಯಲ್ಲಿ ಯಾವ ತಾಯಿಯಾದರೂ ಆ 2 ತಿಂಗಳು ಅಳುತ್ತಾ ಕಳೆದರೆ, ಅವಳ ಮನೆಗೆ ಅಕ್ಕಿ, ಹಾಲು ತಗೊಂಡು ಹೋಗೋಣ. ಅವಳ ಗುಟ್ಟನ್ನು ಬೀದಿಗೆ ತರದಿರೋಣ. ಆಮೆನ್.