ಪ್ರಯೋಗಶಾಲೆಯ ನಲ್ಲಿಯಲ್ಲಿ ನೀರಿದೆಯೇ?

ಮಗನೋ ಮಗಳೋ ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡರೆ ತಂದೆ-ತಾಯಿ ಕಾಲೇಜಿನ ಫಲಿತಾಂಶ ವಿಚಾರಿಸುತ್ತಾರೆ, ಹಾಸ್ಟೆಲಿನ ಊಟ ವಿಚಾರಿಸುತ್ತಾರೆ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕರೆಂಟು ಹೋದಾಗಲೂ ನೀರು ಬರುತ್ತದೆಯೇ ಎಂದು ಕೇಳಿದವರನ್ನು ನಾನು ಕಂಡಿಲ್ಲ. ದಯವಿಟ್ಟು ಕೇಳಿ.

2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಸಿಲಿಂಡರ್ ಸ್ಫೋಟಿಸಿ ಒಬ್ಬ ಸಂಶೋಧಕರು ತೀರಿಕೊಂಡರು, ಮೂವರು ಗಾಯಗೊಂಡರು. ನುರಿತವರು ಕೆಲಸ ಮಾಡುವ ಜಾಗದಲ್ಲೇ ಹೀಗಾಗಬಹುದಾದರೆ, ಹದಿನಾರು ವರ್ಷದ ಮಕ್ಕಳು ಗಂಧಕಾಮ್ಲದ ಸೀಸೆ ಹಿಡಿಯುವ ಜಾಗದ ಬಗ್ಗೆ ಯೋಚಿಸಬೇಡವೇ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಸಿಗುತ್ತದೆ, ನಿಜ. ತೀವ್ರ ಸುಟ್ಟಗಾಯವಾದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಇಲ್ಲವೇ ಶಿವಮೊಗ್ಗಕ್ಕೋ ಓಡಬೇಕು. ಮಳೆಗಾಲದಲ್ಲಿ ದಾರಿಗೆ ಮರ ಬಿದ್ದರಂತೂ ಹೇಳುವುದೇ ಬೇಡ. ಹಾಗಾಗಿ ಮೊದಲ ಇಪ್ಪತ್ತು ನಿಮಿಷ ಗಾಯಾಳುವಿನ ಚಿಕಿತ್ಸೆ ಸಹಪಾಠಿಗಳ ಕೈಯಲ್ಲಿ.

ಆಮ್ಲ ಮೈಗೆ ಸಿಡಿದರೆ ಔಷಧಿ ಒಂದೇ: ಹರಿಯುವ ನೀರು, ಕನಿಷ್ಠ ಇಪ್ಪತ್ತು ನಿಮಿಷ. ನೀರು ಹಾಕುತ್ತಲೇ ಆಮ್ಲ ತಾಗಿದ ಬಟ್ಟೆಯನ್ನೂ ತೆಗೆಯಬೇಕು. ಇಲ್ಲಿ ಸಂಕೋಚ ಅಡ್ಡ ಬರುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಗೋಡೆಯ ಮೊಳೆಗೆ ಒಂದು ಹಳೆಯ ಬೆಡ್‌ಶೀಟ್ ನೇತುಹಾಕಿದ್ದರೆ ಆ ಸಮಸ್ಯೆ ಮುಗಿಯಿತು. ಅಡಿಗೆ ಸೋಡಾ ಉಜ್ಜಿ ಆಮ್ಲವನ್ನು ‘ಹೊಡೆಯಲು’ ಹೋಗಬೇಡಿ. ಶಾಖ ಹುಟ್ಟಿ ಚರ್ಮ ಇನ್ನಷ್ಟು ಸುಡುತ್ತದೆ. ಟೂತ್‌ಪೇಸ್ಟ್, ಶಾಯಿ, ಅರಿಶಿನ ಯಾವುದೂ ಬೇಡ.

ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಹೊರಕ್ಕೆ ನೀರು ಹರಿಸಬೇಕು. ಇನ್ನೊಂದು ಕಣ್ಣಿಗೆ ಹೋಗಬಾರದು. ಕಣ್ಣಿಗೆ ಆಮ್ಲಕ್ಕಿಂತಲೂ ಕಾಸ್ಟಿಕ್ ಸೋಡಾದಂಥ ಕ್ಷಾರವೇ ಸಾಮಾನ್ಯವಾಗಿ ಹೆಚ್ಚು ಅಪಾಯಕಾರಿ, ಅದು ಆಳಕ್ಕೆ ಇಳಿಯುತ್ತದೆ. ಎಲೆ-ಅಡಿಕೆಯ ಸುಣ್ಣ ಮಗುವಿನ ಕಣ್ಣಿಗೆ ಸಿಡಿದರೂ ಇದೇ ಚಿಕಿತ್ಸೆ. ಸುಣ್ಣದ ಕಣ ಕಂಡರೆ ಮೊದಲು ಒರೆಸಿ ತೆಗೆಯಿರಿ, ಆಮೇಲೆ ನೀರು, ನಂತರ ಆಸ್ಪತ್ರೆ.

ಮಳೆಗಾಲದಲ್ಲಿ ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಹೊರಗೆ ಜಡಿಮಳೆ, ಒಳಗೆ ನಲ್ಲಿ ಒಣ! ಮೂಲೆಯಲ್ಲಿ ಒಂದು ಡ್ರಮ್ ತುಂಬ ಶುದ್ಧ ನೀರು, ಮೇಲೊಂದು ಚೊಂಬು ಇಡಲು ಯಾವ ಅನುದಾನವೂ ಬೇಕಿಲ್ಲ.

ಸ್ಪಿರಿಟ್ ದೀಪದಿಂದ ದುಪಟ್ಟಾಕ್ಕೆ ಬೆಂಕಿ ಹತ್ತಿದರೆ ಓಡಬಾರದು. ನೆಲಕ್ಕೆ ಮಲಗಿಸಿ, ನಮ್ಮ ಕರಿಕಂಬಳಿ ಹೊದಿಸಿ ಒತ್ತಿರಿ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಪಾಲಿಯೆಸ್ಟರ್ ಹೊದಿಕೆ ಕರಗಿ ಮೈಗೆ ಅಂಟುತ್ತದೆ.

ಇನ್ನು ಬಾಗಿಲಿನ ವಿಷಯ. ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿಗಳ ಕಟ್ಟಡಕ್ಕೆ ಬೆಂಕಿ ಬಿದ್ದಾಗ 9 ಮಂದಿ ಸತ್ತರು; ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಕಾಲೇಜುಗಳಲ್ಲಿ ಕಳ್ಳತನದ ಭಯಕ್ಕೆ ಹಿಂಬಾಗಿಲಿಗೆ ಬೀಗ ಜಡಿದು, ಬೀಗದಕೈಯನ್ನು ಅಟೆಂಡರ್ ಜೇಬಿಗೆ ಹಾಕುವ ರೂಢಿ ನನಗೆ ಅತ್ಯಂತ ಸಿಟ್ಟು ತರಿಸುವ ಸಂಗತಿ. ತರಗತಿ ನಡೆಯುವಾಗ ಎರಡೂ ಬಾಗಿಲು ತೆರೆಯುವಂತಿರಬೇಕು. ಹೊಗೆ ತುಂಬಿದರೆ ಬಗ್ಗಿ, ತೆವಳಿ ಹೊರಬನ್ನಿ. ಮೂಗಿಗೆ ಒದ್ದೆ ಬಟ್ಟೆ ಹಿಡಿದರೂ ವಿಷಾನಿಲ ತಡೆಯುವುದಿಲ್ಲ. ಅದನ್ನು ಹುಡುಕುತ್ತಾ ನಿಲ್ಲಬೇಡಿ. ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರನಡೆಯಿರಿ. ಹೊರಗೆ ಬಂದ ಮೇಲೆ 112ಕ್ಕೆ, ಗಾಯಾಳುವಿದ್ದರೆ 108ಕ್ಕೆ ಫೋನ್.

ಹೊರಗೆ ಎಲ್ಲಿ ಸೇರಬೇಕೆಂಬುದೂ ಮೊದಲೇ ಗೊತ್ತಿರಲಿ. ಮೈದಾನ ಎಂದರೆ ಜನವರಿಯಲ್ಲಿ ಸರಿ. ಜುಲೈ ಮಳೆಯಲ್ಲಿ ಮಕ್ಕಳು ಮತ್ತೆ ಅದೇ ಕಟ್ಟಡದ ಜಗಲಿಗೆ ಬಂದು ನಿಲ್ಲುತ್ತಾರೆ! ಸೈಕಲ್ ಷೆಡ್ಡಿನಂಥ, ಮಾಡು ಇರುವ ಬೇರೆ ಜಾಗ ಗೊತ್ತುಮಾಡಿ, ಮೇಷ್ಟ್ರು ಹಾಜರಿ ಪುಸ್ತಕ ಹಿಡಿದು ಅಲ್ಲಿಗೆ ಬರಲಿ. ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಅಗ್ನಿಶಾಮಕದವರಿಗೆ ಮೊದಲು ಹೇಳಬೇಕಾದದ್ದು ಅದನ್ನೇ.