ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ

ಪ್ರಶ್ನೆ: ನಮ್ಮ ಯಜಮಾನರಿಗೆ 43 ವರ್ಷ. ನಾಲ್ಕು ತಿಂಗಳ ಹಿಂದೆ ರಾಸ್ಪ್‌ಬೆರಿ ಪೈ 4 ಎಂಬ, ಎಟಿಎಂ ಕಾರ್ಡಿನಷ್ಟಗಲದ ಬೋರ್ಡ್ ತರಿಸಿದರು. ಚಿಕ್ಕಂದಿನ ವಿಡಿಯೊ ಗೇಮುಗಳನ್ನು ಅದರಲ್ಲಿ ತುಂಬಿ ಟಿವಿಗೆ ಹಾಕುತ್ತಾರಂತೆ, ಹತ್ತು ವರ್ಷದ ಮಗಳಿಗಾಗಿಯಂತೆ. ಊಟವಾಗಿ ಕೋಣೆ ಸೇರಿದರೆ ಮಲಗುವುದು ರಾತ್ರಿ ಒಂದಕ್ಕೆ. ಆಟ ನಡುವೆಯೇ ನಿಂತುಹೋಗುತ್ತದೆ, ಟಿವಿಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತದೆ, ಇವರಿಗೆ ಸಿಟ್ಟು. ಮಗಳು ಹತ್ತಿರ ಹೋದರೆ 'ಮುಟ್ಟಬೇಡ, ಶಾಕ್ ಹೊಡೆಯುತ್ತೆ' ಎನ್ನುತ್ತಾರೆ. ಅವಳೀಗ ಕೇಳುವುದನ್ನೇ ಬಿಟ್ಟಿದ್ದಾಳೆ. ಇದು ಚಟವೇ? ಹೇಗೆ ತಡೆಯಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 'ಕೇಳುವುದನ್ನೇ ಬಿಟ್ಟಿದ್ದಾಳೆ' ಎಂಬಲ್ಲಿಗೆ ಬಂದಾಗ ಎರಡು ಸಲವೂ ಮನಸ್ಸು ಕಲಕಿತು. ಅಲ್ಲಿಂದಲೇ ಶುರುಮಾಡೋಣ.

ಆ ಬೋರ್ಡ್ ನಡೆಯುವುದು ಬರೀ 5 ವೋಲ್ಟಿನಲ್ಲಿ. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಹುಷಾರಾಗಿರಬೇಕಾದದ್ದು ಗೋಡೆಯ ಪ್ಲಗ್ಗಿನ ಹತ್ತಿರ. ಬೋರ್ಡನ್ನು ಅಂಚು ಹಿಡಿದು ಎತ್ತಬೇಕು ಎಂದು ತೋರಿಸಿಕೊಟ್ಟರೆ ಹತ್ತು ವರ್ಷದ ಮಗು ಸಲೀಸಾಗಿ ಎತ್ತುತ್ತದೆ. ಅಷ್ಟಕ್ಕೂ ಅದು ಹುಟ್ಟಿದ್ದೇ ಮಕ್ಕಳ ಕೈಗಾಗಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ವಿಜ್ಞಾನ ಓದಲು ಬರುವವರು ಕಡಿಮೆಯಾಗುತ್ತಿದ್ದರು, ಬಂದವರಿಗೂ ಪ್ರೋಗ್ರಾಮಿಂಗ್ ರೂಢಿ ಇರುತ್ತಿರಲಿಲ್ಲ. ಅದನ್ನು ಕಂಡ ಎಬೆನ್ ಅಪ್ಟನ್ ಮತ್ತು ಜೊತೆಗಾರರು, ಮಕ್ಕಳು ಧೈರ್ಯವಾಗಿ ಕೈಯಾಡಿಸಬಹುದಾದ ಅಗ್ಗದ ಕಂಪ್ಯೂಟರ್ ಬೇಕೆಂದು ಕೂತರು. ಮೊದಲ ಬೋರ್ಡ್ ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ರಂದು. ಇದನ್ನು ನಿಮ್ಮವರಿಗೆ ಓದಿ ಹೇಳಿ.

ಚಟ ಎಂದು ನನಗೆ ಅನ್ನಿಸುತ್ತಿಲ್ಲ. ನೀವು ಬರೆದದ್ದು ನೋಡಿದರೆ ಅವರು ಆಡುತ್ತಲೇ ಇಲ್ಲ, ರಿಪೇರಿಯಲ್ಲೇ ಮುಳುಗಿದ್ದಾರೆ. ತೊಂಬತ್ತರ ದಶಕದಲ್ಲಿ, ನಿಂಟೆಂಡೊದವರು 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಯಂತ್ರಗಳು ನಮ್ಮ ಊರುಗಳಿಗೂ ಬಂದವು. ಕ್ಯಾಸೆಟ್ ಹಾಕಿ, ಚಿತ್ರ ಬಾರದಿದ್ದರೆ ತೆಗೆದು ಉಫ್ ಎಂದು ಊದಿ ಮತ್ತೆ ಹಾಕಿ, ಮಾರಿಯೊ, ಕಾಂಟ್ರಾ ಆಡುತ್ತಿದ್ದ ಕಾಲ. ಎಲ್ಲರ ಮನೆಯಲ್ಲೂ ಅದು ಇರುತ್ತಿರಲಿಲ್ಲ. ಪಕ್ಕದ ಮನೆಯ ಹೊಸ್ತಿಲ ಬಳಿ ನಿಂತು ಸರದಿಗೆ ಕಾದವರೇ ಹೆಚ್ಚು. ನನ್ನ ಊಹೆ, ಹಾಗೆ ಕಾದ ಹುಡುಗ ಈಗ ಮಗಳ ಮುಂದೆ ಒಂದು ಕುಂದೂ ಇಲ್ಲದ್ದನ್ನು ಇಡಬೇಕೆಂದು ಹಟ ಹಿಡಿದಿದ್ದಾನೆ. ಅವಳಿಗೋ, ಕೆಟ್ಟದ್ದನ್ನು ಅಪ್ಪನ ಜೊತೆ ಕೂತು ಸರಿಮಾಡುವುದೇ ಆಟಕ್ಕಿಂತ ಹೆಚ್ಚಿನ ಖುಷಿ.

ಆ ಹಳದಿ ಮಿಂಚಿನ ಅರ್ಥ, ಬೋರ್ಡಿಗೆ ವೋಲ್ಟೇಜ್ ಸಾಲುತ್ತಿಲ್ಲ ಎಂದು. ಮನೆಯಲ್ಲಿದ್ದ ಮೊಬೈಲ್ ಚಾರ್ಜರನ್ನೇ ಸಿಕ್ಕಿಸಿರಬಹುದು. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರಿನ ಅಡಾಪ್ಟರ್ ಬೇಕು. ಕೇಬಲ್ ತೆಳುವಾಗಿದ್ದರೂ ಇದೇ ತೊಂದರೆ. ಸಿಟ್ಟಿನಲ್ಲಿ ಪ್ಲಗ್ ಕಿತ್ತರೆ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿರುವುದು ಕೆಟ್ಟು, ಮತ್ತೆ ಮೊದಲಿಂದ ತುಂಬಬೇಕಾಗಬಹುದು. ಮೆನುವಿನಿಂದ ಶಟ್‌ಡೌನ್ ಮಾಡುವ ಕೆಲಸ ಮಗಳದಾಗಲಿ.

ರಾತ್ರಿ ಒಂದು ಗಂಟೆಗೆ ಬಾಗಿಲಲ್ಲಿ ನಿಂತು ಈ ಮಾತು ಎತ್ತಬೇಡಿ. ಭಾನುವಾರ ತಿಂಡಿಯಾದ ಮೇಲೆ, 'ರೀ, ಪುಟ್ಟಿ ಅದರ ಬಗ್ಗೆ ಕೇಳೋದೇ ಬಿಟ್ಟಿದಾಳೆ, ಗಮನಿಸಿದ್ರಾ?' ಎಂದಷ್ಟೇ ಕೇಳಿ ಸುಮ್ಮನಿರಿ. ಹಗಲಲ್ಲಿ ಅವಳ ಜೊತೆ ಕೂತ ಮೇಲೂ ರಾತ್ರಿಯ ಜಾಗರಣೆ ತಗ್ಗದಿದ್ದರೆ, ಕಚೇರಿಯದೋ ಬೇರೆಯದೋ ಕಳವಳ ಇದೆಯೇ ಎಂದು ಮೆಲ್ಲಗೆ ವಿಚಾರಿಸಿ, ನನಗೆ ಮತ್ತೆ ಬರೆಯಿರಿ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ ಹಳೆಯ ಆಟಗಳು ಬಿಟ್ಟಿ ಮಾಲಲ್ಲ, ಅವುಗಳ ಹಕ್ಕು ಸಾಮಾನ್ಯವಾಗಿ ಇನ್ನೂ ಕಂಪನಿಗಳದೇ. ಹವ್ಯಾಸಿಗಳು ಹೊಸದಾಗಿ ಬರೆದು ಉಚಿತವಾಗಿ ಹಂಚುವ ಆಟಗಳೂ ಇವೆ. ಮಗಳೆದುರು ಅವುಗಳಿಂದಲೇ ಶುರುವಾಗಲಿ.

ಹೊಸ ಅಡಾಪ್ಟರ್ ಬಂದ ದಿನ ಕಾರ್ಡನ್ನೂ ಹೊಸದಾಗಿ ಬರೆದುಬಿಡಲಿ. ರೆಟ್ರೊಪೈ ತಂತ್ರಾಂಶವಾದರೆ ಮೊದಲ ಸಲ ತೆರೆದಾಗ ಕಂಟ್ರೋಲರಿನ ಗುಂಡಿಗಳನ್ನು ಒಂದೊಂದಾಗಿ ಕೇಳುತ್ತದೆ: ಮೇಲೆ ಯಾವುದು, ಕೆಳಗೆ ಯಾವುದು, ಎಡ, ಬಲ, ಸ್ಟಾರ್ಟ್. ಆಗ ಕಂಟ್ರೋಲರ್ ಮಗಳ ಕೈಯಲ್ಲಿರಲಿ, ಅವರು ಪಕ್ಕದಲ್ಲಿ ಕೂತು ಓದಿ ಹೇಳಲಿ. ಎರಡನೆಯ ಕಂಟ್ರೋಲರಿಗೂ ಮೆನುವಿಗೆ ಹೋಗಿ ಹೀಗೆಯೇ ಮಾಡಬೇಕು. ಅದನ್ನು ನೀವು ಹಿಡಿದುಕೊಳ್ಳಿ, ಮಗಳು ಹೇಳಿಕೊಡಲಿ.