ಇಲಿಯ ಹೊಟ್ಟೆಯೊಳಗಿನ ಹೊಲ

ಗದ್ದೆಯ ಇಲಿಯನ್ನೂ ಒಣಹೊಲದ ಇಲಿಯನ್ನೂ ಪಕ್ಕಪಕ್ಕ ಇಟ್ಟು ಕೊಯ್ದು ನೋಡುತ್ತಾ ನನಗೆ ಮನದಟ್ಟಾದದ್ದು ಒಂದು ಮಾತು: ಕೆಲವು ಅಂಗಗಳಲ್ಲಿ ಆ ಪ್ರಾಣಿಯ ವಂಶ ಕಾಣುತ್ತದೆ, ಕೆಲವುಗಳಲ್ಲಿ ಕಳೆದ ತಿಂಗಳ ಊಟ ಕಾಣುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕ ಕೆಡುತ್ತದೆ.

ಮಂಡ್ಯ ಕಡೆಯ ಭತ್ತದ ಬದುಗಳಲ್ಲಿ ಬಿಲ ತೋಡುವ ಸಣ್ಣ ಹೆಗ್ಗಣವನ್ನೇ ತೆಗೆದುಕೊಳ್ಳಿ. ತೆನೆ ಬಲಿತಾಗ ಹಿಡಿದದ್ದರ ಜಠರ ಬಿಚ್ಚಿದರೆ ಬರೀ ಬಿಳಿ ಹಿಟ್ಟು. ಕೊಯ್ಲು ಮುಗಿದು ಬಿಲದ ಕಾಳೂ ಖಾಲಿಯಾದ ಮೇಲೆ ಅದಕ್ಕೆ ಹುಲ್ಲಿನ ಬುಡ, ಕಳೆಯ ಗಡ್ಡೆಯೇ ಗತಿ. ಆಗ ನಾನು ಮೊದಲು ನೋಡುವುದು ಸೀಕಮನ್ನು. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿರುವ ಈ ಚೀಲ ಹಸಿರುಗಪ್ಪು ಗಂಜಿ ತುಂಬಿಕೊಂಡು ಉಬ್ಬಿರುತ್ತದೆ. ಜಠರಕ್ಕೆ ಬಗ್ಗದ ನಾರನ್ನು ಅಲ್ಲಿ ಸೂಕ್ಷ್ಮಜೀವಿಗಳು ಹುದುಗಿಸುತ್ತವೆ. ಅಮೆರಿಕದ ಹುಲ್ಲುಗಾವಲಿನ ವೋಲ್ ಎಂಬ ಇಲಿಗಳಿಗೆ ನಾರು ಹೆಚ್ಚಿರುವ ಮೇವು ಕೊಟ್ಟಾಗ, ಚಳಿಯಲ್ಲಿ ಇಟ್ಟಾಗ, ಕೆಲವೇ ವಾರಗಳಲ್ಲಿ ಕರುಳು ಬೆಳೆದದ್ದು ಪ್ರಯೋಗಗಳಲ್ಲಿ ಕಂಡಿದೆ. ಕರುಳು ಅಷ್ಟು ಬೇಗ ಬದಲಾಗುವ ಅಂಗ.

ಮೂತ್ರಪಿಂಡದ ಸಂಗತಿ ಬೇರೆ. ಚಿತ್ರದುರ್ಗದ ಕಡೆ ಶೇಂಗಾ ಹೊಲದಲ್ಲಿ ಸಿಗುವ, ಬಾಲದ ತುದಿಗೆ ಕುಚ್ಚಿರುವ ಜರ್ಬಿಲ್ ಎಂಬ ಇಲಿಯ ಮೂತ್ರಪಿಂಡವನ್ನು ಉದ್ದಕ್ಕೆ ಸೀಳಿ ನೋಡಿ. ಹೊರಗೆ ಕಡುಗೆಂಪು ಪದರ, ಒಳಗೆ ಮಾಸಲು ಭಾಗ, ಅದರ ತುದಿ ನೀಳವಾಗಿ ಮೂತ್ರನಾಳದತ್ತ ಚಾಚಿರುತ್ತದೆ. ನೀರನ್ನು ಹಿಂದಕ್ಕೆ ಎಳೆದುಕೊಳ್ಳಲು ನೆರವಾಗುವ ಹೆನ್ಲೆ ಕುಣಿಕೆಗಳೆಂಬ ಉದ್ದನೆಯ ನಳಿಕೆಗಳು ಇಳಿದು ತಿರುಗುವುದು ಇಲ್ಲೇ. ಮನುಷ್ಯನ ಮೂತ್ರದ ಸಾಂದ್ರತೆ ಹೆಚ್ಚೆಂದರೆ ಲೀಟರಿಗೆ ಸುಮಾರು 1,400 ಮಿಲಿಆಸ್ಮೋಲ್. ಅಮೆರಿಕದ ಮರುಭೂಮಿಯ ಕಾಂಗರೂ ಇಲಿಯದು 5,000 ದಾಟುತ್ತದೆ, ಆಸ್ಟ್ರೇಲಿಯಾದ ಜಿಗಿಯುವ ಇಲಿಯದು 9,000 ಮೀರುತ್ತದೆ. ಒಂದು ಒಳ್ಳೆಯ ಮಳೆ ಬಂದ ಮಾತ್ರಕ್ಕೆ ಮೂತ್ರಪಿಂಡದ ಆ ನೀಳ ತುದಿ ಗಿಡ್ಡವಾಗುವುದಿಲ್ಲ. ಅದು ತಲೆತಲಾಂತರದ ಬರದಲ್ಲಿ ರೂಪುಗೊಂಡದ್ದು.

ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರಿಗೆ ನಾನು ಒತ್ತಿ ಹೇಳುವುದಿಷ್ಟು. ಕರುಳನ್ನು ಎಳೆದು ಅಳೆಯಬೇಡಿ, ಹಸಿ ಕರುಳು ಎಳೆದಷ್ಟೂ ಹಿಗ್ಗುತ್ತದೆ. ಒದ್ದೆ ಹಲಗೆಯ ಮೇಲೆ ಸಡಿಲವಾಗಿ ಹರಡಿ. ಸೀಕಮನ್ನು ತುಂಬಿದ್ದಾಗ ಒಮ್ಮೆ, ತೊಳೆದ ಮೇಲೆ ಒಮ್ಮೆ ತೂಗಿ. ಹಾಲೂಡುವ ತಾಯಿ ಇಲಿಯ ಲೆಕ್ಕ ಪ್ರತ್ಯೇಕ ಇರಲಿ: ಮರಿಗಳಿಗಾಗಿ ಹೆಚ್ಚು ತಿನ್ನುವ ಅದರ ಕರುಳು ಹೇಗಿದ್ದರೂ ದೊಡ್ಡದು, ಅದನ್ನು ಮೇವಿನ ಪರಿಣಾಮ ಎಂದು ಬರೆದರೆ ಆ ಜೀವಕ್ಕೆ ಅನ್ಯಾಯ. ಕೈಗವಸು ಇಲ್ಲದೆ ಮೂತ್ರಪಿಂಡ ಮುಟ್ಟಲೇಬೇಡಿ. ಇಲಿ ಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಬೀಡುಬಿಡುವುದು ಅದರ ನಾಳಗಳಲ್ಲೇ, ಗದ್ದೆಯ ನೀರಿಗೆ ಸೇರುವುದೂ ಅಲ್ಲಿಂದಲೇ. ಹಿಡಿದ ಜಾಗದಲ್ಲಿ ಯಾವ ಬೆಳೆ ಇತ್ತು, ಕೊಯ್ಲಾಗಿ ಎಷ್ಟು ದಿನವಾಯಿತು, ಕಾಲುವೆಯಲ್ಲಿ ನೀರಿತ್ತೇ ಎಂಬುದನ್ನು ಬೋನಿನ ಚೀಟಿಯ ಮೇಲೆ ಅಲ್ಲೇ ಬರೆದುಕೊಳ್ಳಿ.